ಚಿನ್ನಿಯ ಪಥ್ಯ

ಪೂಜೆಗೆಂದು ಮಡಚಿಟ್ಟಿದ್ದ ಗುರುಶಾಂತಮ್ಮನ ರೇಷ್ಮೆ ಸೀರೆಯ ಮೇಲೆ ಚಿನ್ನಿ ಮತ್ತೆ ಭೇದಿ ಮಾಡಿತು. ವರ್ಷದಿಂದ ಆ ಬೆಕ್ಕಿನ ಹೊಟ್ಟೆ ಸೋರುವ ಮಾಳಿಗೆಯಂತೆ. ವಾಂತಿ ನಿಂತರೆ ಭೇದಿ, ಭೇದಿ ನಿಂತರೆ ವಾಂತಿ.

"ಸಂಜಿಗಿ ಹತ್ತಿ ತರಾಕ ಹಾಲಹರವಿಗೆ ಲಾರಿ ಹೊಂಟೈತಿ. ಈ ದರಿದ್ರ ಅದ್ರಾಗ ಹೋಗ್ಬೇಕು!" ಎಂದು ಗಂಡನಿಗೆ ಅಪ್ಪಣೆ ಮಾಡಿದಳು.

ಗಂಡ ಕೊಟ್ರಬಸಪ್ಪ ಆದೋನಿಯ ಹತ್ತಿ ವ್ಯಾಪಾರಿ; ಅವನಿಗೆ ಎದುರು ಮಾತಾಡದ ಜೀವ ಮನೆಯಲ್ಲಿ ಚಿನ್ನಿಯೊಂದೇ. ಬುಟ್ಟಿಯಲ್ಲಿ ಹಾಕಿಕೊಂಡು ದನದ ಆಸ್ಪತ್ರೆಗೆ ಓಡಿದ.

"ಏನು ತಿನ್ನಾಕ ಹಾಕ್ತೀರಿ?" ಡಾಕ್ಟರು ಕೇಳಿದರು.

"ಹಾಲು, ತುಪ್ಪ, ಹೋಳಿಗಿ. ಸೋಮವಾರ ಒಪ್ಪತ್ತು."

"ಇದು ಬೆಕ್ಕೇನ್ರೀ, ಮಠದ ಅಯ್ನೋರೇನ್ರೀ? ಹಾಲು ಬಂದ್. ಉಪ್ಪು ಖಾರ ಇಲ್ದಂಗ ಬೇಯಿಸಿದ ಕೋಳಿ ಹಾಕ್ರಿ. ಬ್ಯಾರೆ ಏನೂ ಬ್ಯಾಡ."

ಕೊಟ್ರಬಸಪ್ಪನ ಮನೆಗೆ ಅಜ್ಜನ ಕಾಲದಿಂದ ಮೊಟ್ಟೆಯ ಚಿಪ್ಪೂ ಬಂದಿರಲಿಲ್ಲ. ಹಮಾಲಿ ದುರುಗಣ್ಣನ ಮನೆಯಲ್ಲಿ ಕೋಳಿ ಬೇಯಿಸಿಕೊಂಡು, ಊಟದ ಡಬ್ಬಿಯಲ್ಲಿ ತುಂಬಿ, ಹಿತ್ತಲಿಗೆ ಕಳ್ಳನಂತೆ ನುಸುಳಿ ಮುಚ್ಚಳ ತೆಗೆದ. ಪಕ್ಕದ ಮಾಳಿಗೆಯಲ್ಲಿ ಮೆಣಸಿನಕಾಯಿ ಹರವುತ್ತಿದ್ದ ಲಿಂಗಕ್ಕನ ಮೂಗು ನೆಟ್ಟಗಾಯಿತು.

"ಅಯ್ಯಯ್ಯೋ ಶಿವನೇ! ಗುರುಶಾಂತಾ, ನಿನ್ ಗಂಡ ಕೋಳಿ ತಿನ್ನಾಕತ್ಯಾನ!"

ಇಡೀ ಓಣಿ ಹಿತ್ತಲಿಗೆ ಬಂದು ನಿಂತಿತು.

"ಲಿಂಗ ಕಟ್ಟಿಕೊಂಡು ಇದೇನೋ ತಮ್ಮಾ?" ಎಂದ ಹಿರಿಯ ಉಚ್ಚೀರಪ್ಪ.

"ನನಗಲ್ಲೋ ಯಣ್ಣಾ, ಬೆಕ್ಕಿಗೆ! ಡಾಕ್ಟ್ರು ಹೇಳ್ಯಾರ!"

"ಕುಡುಕನೂ ಬಾಟ್ಲಿ ಔಷಧಿ ಅಂತಾನ."

ಕೊಟ್ರಬಸಪ್ಪನಿಗೆ ರೇಗಿತು. "ನೋಡೇಬಿಡ್ರಿ! ಬೆಕ್ಕು ಕೋಳಿ ಬಿಟ್ರ ನಾ ಮನಿ ಬಿಡ್ತೀನಿ!" ಎಂದವನೇ ಚಿನ್ನಿಯನ್ನು ಡಬ್ಬಿಯ ಮುಂದೆ ಬಿಟ್ಟ.

ಮರಿಯಾಗಿದ್ದಾಗಿನಿಂದ ಹೋಳಿಗೆ ತಿಂದು ಬೆಳೆದ ಚಿನ್ನಿ ಮೂಸಿತು. ಮುಖ ಕಿವುಚಿತು. ತನ್ನ ಹೇಲನ್ನು ಮುಚ್ಚುವಂತೆಯೇ ಮುಂಗಾಲಿನಿಂದ ಕೋಳಿಯ ಮೇಲೆ ಮಣ್ಣು ಎಳೆದು, ನೇರ ಹೋಗಿ ಗುರುಶಾಂತಮ್ಮನ ಕಾಲಿಗೆ ಮೈ ತಿಕ್ಕಿತು.

"ನನ್ನವ್ವಾ! ಬಾಯಿಲ್ಲದ ಪ್ರಾಣಿ ಆಚಾರ ಬಿಡ್ಲಿಲ್ಲ, ಈ ಮನುಷ್ಯಾ ಬಿಟ್ಟ!" ಗುರುಶಾಂತಮ್ಮ ಅದನ್ನು ಎದೆಗಪ್ಪಿ ಒಳಗೊಯ್ದು, ಬಟ್ಟಲ ತುಂಬ ಹಾಲಿಗೆ ತುಪ್ಪ ಹಾಕಿ ಇಟ್ಟಳು.

ಸಂಜೆ ಲಾರಿ ಹೊರಟಿತು. ಖಾಲಿ ಚೀಲಗಳ ಮೇಲೆ ಕೊಟ್ರಬಸಪ್ಪ ಕೂತಿದ್ದ. ಓಣಿ ತಿರುಗುವಷ್ಟರಲ್ಲಿ ಮನೆಯೊಳಗಿಂದ ಗುರುಶಾಂತಮ್ಮನ ಚೀರಾಟ ಕೇಳಿತು: "ಅಯ್ಯೋ, ನನ್ನ ಇನ್ನೊಂದ್ ಸೀರಿ!"

"ನಿಲ್ಲಿಸ್ಲೇನ್ರೀ ಸಾವ್ಕಾರ್ರೇ?" ಡ್ರೈವರ್ ಕೇಳಿದ.

"ಹೊಡಿಯೋ ಮುಂದಕ್ಕ. ಅದನ್ನೂ ನಾನೇ ಮಾಡೀನಿ ಅಂತಾರ!"