ರೋಬೋಟಿನ ಮೈಮೇಲೆ ದಾನಿಗಳು

ನಮ್ಮ ಕಡೆ ಕೊಟ್ಟ ವಸ್ತುವಿನ ಮೇಲೆ ಕೊಟ್ಟವರ ಹೆಸರು ಬೀಳುವ ತನಕ ದಾನ ಪೂರ್ತಿಯಾದಂತಲ್ಲ. ಕಲ್ಯಾಣ ಮಂಟಪದ ಫ್ಯಾನಿನ ರೆಕ್ಕೆಯ ಮೇಲೂ ಹೆಸರಿರುತ್ತದೆ. ಫ್ಯಾನು ತಿರುಗಿದರೆ ಓದಲಾಗದು. ಆದ್ದರಿಂದ ಬೀಗರು ಬಂದಾಗ, ಬಿರುಬೇಸಿಗೆಯಲ್ಲೂ, ದಾನಿಯೊಬ್ಬರು ಅದನ್ನು ನಿಲ್ಲಿಸಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಬೀಗರು ಬೆವರು ಒರೆಸಿಕೊಳ್ಳುತ್ತ ಕತ್ತೆತ್ತಿ ಓದಿ ತಲೆದೂಗಿದರು. ಇಷ್ಟು ಕಂಡವನು ನಾನು ಎಚ್ಚರವಾಗಿರಬೇಕಿತ್ತು.

ರಾಯಾಪುರದ ಹತ್ತಿರ ಹೆಣ್ಣುಮಕ್ಕಳ ಹೈಸ್ಕೂಲೊಂದರಲ್ಲಿ ನಾನು ಕನ್ನಡ ಕಲಿಸುತ್ತೇನೆ. ಒಮ್ಮೆ ಸಭೆಯಲ್ಲಿ ಕೆಟ್ಟುನಿಂತ ಮೈಕನ್ನು ತಟ್ಟಿ ಸರಿಮಾಡಿದ್ದಕ್ಕೆ ರೋಬೋಟ್ ತಂಡದ ಉಸ್ತುವಾರಿ ನನಗೆ ಬಂತು. ಮರದ ತುಂಡನ್ನು ಎತ್ತಿ ಕಪಾಟಿನಲ್ಲಿಡುವ ಯಂತ್ರವನ್ನು ಹತ್ತನೇ ತರಗತಿಯ ಹುಡುಗಿಯರೇ ಕಟ್ಟಿದರು. ನಾಯಕಿ ಹಳೇ ಹುಬ್ಬಳ್ಳಿಯ ಶಾಹೀನ್. ಮುಂದಿನ ವರ್ಷ ಈ ಹುಡುಗಿಯರು ಶಾಲೆಯಲ್ಲಿರುವುದಿಲ್ಲ. ರೋಬೋಟ್ ಸ್ಪರ್ಧೆಗೆ ಇಳಿಯಲು ಇದೊಂದೇ ಅವಕಾಶ. ಸಾಮಾನು ಹೊಂದಿಸುವುದು ನನ್ನ ಪಾಲಿನ ಕೆಲಸ. ಪಂಪ್‌ಸೆಟ್ ಅಂಗಡಿಯ ಬಸಣ್ಣ ಕಾಕಾ ಮೋಟರು ತರಿಸಿಕೊಟ್ಟರು, ಸೈಕಲ್ ಅಂಗಡಿಯವರು ಗಾಲಿ, ಪಾತ್ರೆ ಅಂಗಡಿಯವರು ತಗಡು. ಸ್ಪರ್ಧೆಯ ಹಿಂದಿನ ದಿನ ಎಲ್ಲರ ಹೆಸರು ಕೆತ್ತಿದ ಹಿತ್ತಾಳೆ ಫಲಕಗಳೂ ಬಂದವು, ಹಚ್ಚಿಸಲು ದಾನಿಗಳೂ ಬಂದರು.

"ಕಾಕಾ, ಇದು ರೋಬೋಟಿನ ಕಣ್ಣರಿ. ಇಲ್ಲಿ ಹೆಸರು ಬ್ಯಾಡ್ರಿ," ಎಂದಳು ಶಾಹೀನ್.

"ಅದಕೇನ್ ಓದಾಕ ಬರತೈತೇನವಾ? ಕಣ್ಣು ಬಾಜೂಕ ಸರಸು," ಎಂದರು ಕಾಕಾ.

ಕಣ್ಣು ಸರಿಯಿತು. ಗಾಲಿ ಕೊಟ್ಟವರ ಚಿಂತೆ ಬೇರೆ: ತಿರುಗುವಾಗ ಹೆಸರು ಕಾಣುವುದಿಲ್ಲ, ಸ್ವಲ್ಪ ಸಾವಕಾಶ ಓಡಿಸಬೇಕು. ರೋಬೋಟು ಪಾತ್ರೆ ತುಂಬಿದ ಟಂಟಂ ಗಾಡಿಯಂತೆ ಸದ್ದು ಮಾಡುತ್ತ ನಡೆಯಿತು.

ಮರುದಿನ ಸ್ಪರ್ಧೆಯ ಬಾಗಿಲಲ್ಲೇ ತೂಕ ಮಾಡಿದರು. ನಿರ್ಣಾಯಕರು ತಕ್ಕಡಿ ನೋಡಿ, "ಹೆಚ್ಚಾಗೈತ್ರಿ ಸರ್. ಇಳಿಸಿದರ ಒಳಗ, ಇಲ್ಲಾಂದ್ರ ಮನಿಗೆ," ಎಂದರು. ದಾನಿಗಳು ಸಕುಟುಂಬರಾಗಿ ಮುಂದಿನ ಸಾಲಿನಲ್ಲಿ ಕುಳಿತಿದ್ದರು.

ಶಾಹೀನ್ ಸ್ಕ್ರೂಡ್ರೈವರ್ ಹಿಡಿದು ಕೇಳಿದಳು: "ಸರ್, ಇದರ ಕೈ ತಗೀಲೇನ್ರಿ, ಹೆಸರು ತಗೀಲೇನ್ರಿ?"

ಬಸಣ್ಣ ಕಾಕಾ ಎದ್ದೇ ಬಂದರು. "ಕೈ ತಗೀವಾ. ಕೈ ಆಮ್ಯಾಲ ಹಚ್ಚಿದರಾತು."

"ಕೈ ಇಲ್ದ ತುಂಡು ಯಾರು ಎತ್ತಬೇಕ್ರಿ ಕಾಕಾ? ನೀವು ಎತ್ತತೀರೇನು?"

ನಾನು ಮುಂದಿನ ಸಾಲಿನ ಕಡೆ ನೋಡಿದೆ. ಕೊನೆಗೆ ನೆಲ ನೋಡುತ್ತ, "ಹೆಸರು ತಗಿ," ಎಂದೆ.

ಮೋಟರಿನ ಹೆಸರು, ಗಾಲಿಯ ಹೆಸರು, ತಗಡಿನ ಹೆಸರು, ಎಲ್ಲ ಬಿಚ್ಚಿಕೊಂಡು ನನ್ನ ಕೈಗೆ ಬಂದವು. ಆದರೂ ತೂಕ ಕೂದಲೆಳೆಯಷ್ಟು ಹೆಚ್ಚೇ ಇತ್ತು. ಶಾಹೀನ್ ರೋಬೋಟನ್ನು ಆಮೆಯಂತೆ ಅಂಗಾತ ಮಲಗಿಸಿದಳು. ಬ್ಯಾಟರಿಯ ಕೆಳಗೆ ಇನ್ನೊಂದು ಫಲಕ. ಅದರ ಮೇಲೆ ನನ್ನ ಹೆಸರು, ನನ್ನ ಪದವಿಗಳು, ಕೆಳಗೆ 'ಮಾರ್ಗದರ್ಶಕರು'. ಅವಳು ಸ್ಕ್ರೂಡ್ರೈವರನ್ನು ನನ್ನ ಕಡೆ ಚಾಚಿದಳು. "ಇದನ್ನ ನೀವ ತಗೀರಿ ಸರ್."

ತೆಗೆದೆ. ರೋಬೋಟು ಒಳಗೆ ಹೋಯಿತು, ಹಗುರಾಗಿ ಓಡಿತು, ತುಂಡನ್ನೆತ್ತಿ ಕಪಾಟಿನಲ್ಲಿಟ್ಟಿತು. ಸಭಾಂಗಣವೆಲ್ಲ ಚಪ್ಪಾಳೆ. ತಟ್ಟಲು ನನ್ನ ಕೈ ಮಾತ್ರ ಖಾಲಿ ಇರಲಿಲ್ಲ. ಬಸಣ್ಣ ಕಾಕಾ ಕನ್ನಡಕ ಏರಿಸಿಕೊಂಡು ಬಗ್ಗಿ, ನನ್ನ ಕೈಯ ರಾಶಿಯಲ್ಲಿ ಮೇಲಿದ್ದ ಫಲಕವನ್ನು ನಿಧಾನವಾಗಿ ಓದಿದರು.

"ಸರ್, ಎಲ್ಲಾರಕಿಂತ ನಿಮ್ಮದ ದಪ್ಪ ಐತೆಲ್ರಿ!"

ಅದು ನಿಜ. ಪದವಿಗಳೆಲ್ಲ ಆಳವಾಗಿ ಕೂರಬೇಕಾದರೆ ದಪ್ಪ ತಗಡೇ ಬೇಕೆಂದು ಫಲಕ ಕೆತ್ತುವವನು ಹೇಳಿದ್ದ.