ಮೂರನೇ ಚರಣದ ಮೊಟ್ಟೆ

ಮೊಟ್ಟೆ ಬೇಯಿಸಲು ಗಡಿಯಾರ ನೋಡುವವರನ್ನು ಕಂಡರೆ ನನಗೆ ಅಯ್ಯೋ ಪಾಪ ಅನ್ನಿಸುತ್ತಿತ್ತು. ನಾನು ಚರ್ಚಿನ ಹಾಡು ಕೇಳಿಕೊಂಡೇ ಬೆಳೆದವನು ಸ್ವಾಮಿ! ಅಪ್ಪ ಆರ್ಗನ್ ನುಡಿಸುತ್ತಿದ್ದರು, ಅಮ್ಮ ಗಾಯನ ತಂಡದ ಮುಂದಿನ ಸಾಲು. ಮನೆಯಲ್ಲಿ ಹಲ್ಲುಜ್ಜಲು ಒಂದು ಪಲ್ಲವಿ, ಸ್ನಾನಕ್ಕೆ ಎರಡು ಚರಣ, ಮೊಟ್ಟೆಗೆ ಮೂರು. ಅಮ್ಮ "ಆಮೆನ್" ಅಂದ ಕೂಡಲೇ ಒಲೆ ಆರುತ್ತಿತ್ತು. ಮೊಟ್ಟೆ ಒಂದು ದಿನವೂ ಹದ ತಪ್ಪಿದ್ದಿಲ್ಲ.

ಇಂಥ ಘನ ವಂಶದ ಕುಡಿಗೆ ಚರ್ಚಿನಲ್ಲಿ ಒಬ್ಬನೇ ನಿಂತು ಹಾಡುವ ಭಾಗ್ಯ ಮಾತ್ರ ಒಮ್ಮೆಯೂ ಬಂದಿರಲಿಲ್ಲ. ಚಿಕ್ಕಂದಿನಿಂದಲೂ ಹಿಂದಿನ ಸಾಲು, ಕಂಬದ ಮರೆ! ಬರುವ ಭಾನುವಾರ ಅಂಥದ್ದೊಂದು ಹಾಡಿತ್ತು. ಯಾರು ಹಾಡಬೇಕೆಂದು ತಂಡದ ಮೇಷ್ಟ್ರು ಇನ್ನೂ ಹೇಳಿರಲಿಲ್ಲ. ನಾನು ಅವರನ್ನು ತಿಂಡಿಗೆ ಕರೆದುಬಿಟ್ಟೆ. ಅವರು ಹೊರಗೆ ಕೂತಿರಬೇಕು, ಅಡುಗೆಮನೆಯಿಂದ ನನ್ನ ಕಂಠ ತೇಲಿ ಬರಬೇಕು. ಒಂದೇ ಕಲ್ಲಿಗೆ ಎರಡು ಹಕ್ಕಿ!

"ಗೋಡೆ ಮೇಲೆ ಗಡಿಯಾರ ಇದೆಯಲ್ರೀ" ಎಂದಳು ಹೆಂಡತಿ. ಚರ್ಚಿನಲ್ಲಿ ಹಾಡಿನ ಪುಸ್ತಕ ಹಿಡಿದು ಬರೀ ತುಟಿ ಆಡಿಸುವವಳು, ನನಗೆ ಬುದ್ಧಿ ಹೇಳುವುದೇ!

"ನಮ್ಮ ವಂಶದಲ್ಲಿ ಮೊಟ್ಟೆಗೆ ಗಡಿಯಾರ ತೋರಿಸಿದವರಿಲ್ಲ ಕಣೇ!"

"ನಿಮ್ಮ ವಂಶದಲ್ಲಿ ಬೇಯಿಸ್ತಿದ್ದಿದ್ದು ಅತ್ತೆ. ನೀವು ತಿಂತಿದ್ರಿ, ಅಷ್ಟೆ."

ಮೇಷ್ಟ್ರು ಬಂದು ಕೂತರು. ನಾನು ಮೊಟ್ಟೆ ಮುಳುಗುವಷ್ಟು ನೀರಿಟ್ಟು ಗ್ಯಾಸ್ ಹಚ್ಚಿ ಶುರುಮಾಡಿದೆ. ಮೊದಲ ಚರಣ ಅಮೋಘ! ಎರಡನೆಯದು ಅದಕ್ಕಿಂತ ಅಮೋಘ! ಮೂರನೆಯದು... ನಾಲಿಗೆ ತುದಿಯಲ್ಲೇ ಇತ್ತು, ಹೊರಗೆ ಬರಲೊಲ್ಲದು. ಓಡಿ ಬಂದರೆ ಹಳ್ಳ ದಾಟಬಹುದೆಂದು ಮತ್ತೆ ಮೊದಲಿನಿಂದ ಹಿಡಿದೆ. ಅಲ್ಲಿಗೇ ಬಂದು ನಿಂತೆ. ಮತ್ತೆ ಹಿಡಿದೆ. ಮೂರು ಚರಣ ಮುಗಿಯದೆ ಒಲೆ ಆರಿಸುವುದು ಹೇಗೆ? ವಂಶದ ಮರ್ಯಾದೆ ಪ್ರಶ್ನೆ!

"ಹಾಡು ತುಂಬಾ ಉದ್ದ ಇದೆಯಲ್ಲಮ್ಮಾ" ಎಂದು ಮೇಷ್ಟ್ರು ಹೊರಗೆ ನಿಟ್ಟುಸಿರು ಬಿಟ್ಟರು.

"ರೀ, ಏನೋ ಸೀದ ವಾಸನೆ!" ಎಂದಳು ಇವಳು.

ಅಸೂಯೆ ಎಂದುಕೊಂಡು ನಾನು ಕಣ್ಣು ಮುಚ್ಚಿ ಪಲ್ಲವಿಯನ್ನು ತಾರಕಕ್ಕೆ ಏರಿಸಿದೆ.

ಢಮಾರ್! ನೀರು ಯಾವಾಗಲೋ ಇಂಗಿಹೋಗಿತ್ತು. ಒಂದು ಮೊಟ್ಟೆ ಸೂರಿಗೆ, ಒಂದು ಕಿಟಕಿಗೆ, ಮೂರನೆಯದು ನನ್ನ ಹಣೆಗೆ. ಬಾಗಿಲಲ್ಲಿ ಹೆಂಡತಿ ಕಿರುಚಿದಳು: "ಗ್ಯಾಸ್ ಆರಿಸ್ರೀ...ಈ...ಈ!"

ಮೇಷ್ಟ್ರು ಅವಳ ಹಿಂದೆಯೇ ಓಡಿ ಬಂದರು. ಸೂರಿನಿಂದ ಉದುರಿದ ಹಳದಿ ಚೂರು ಅವರ ಕನ್ನಡಕದ ಮೇಲೆ, ಕಣ್ಣಲ್ಲಿ ನೀರು.

"ಆ ಸ್ವರ! ಎಷ್ಟು ವರ್ಷದಿಂದ ಹುಡುಕ್ತಿದ್ದೆ! ಇನ್ನೊಂದು ಸಲ, ದಯವಿಟ್ಟು!"

ಅಂತೂ ಬಂತು ಕಾಲ! ನನ್ನ ಎದೆ ತುಂಬಿ ಬಂತು. ಹಣೆ ಒರೆಸಿಕೊಂಡು, ಗಂಟಲು ಸರಿಮಾಡಿಕೊಂಡು ಬಾಯಿ ತೆರೆದೆ.

"ನೀವಲ್ಲ ಮಾರಾಯ್ರೇ, ಸುಮ್ಮನಿರಿ! ಅವರು!"

ಭಾನುವಾರ ಅವಳು ಹಾಡಿದಳು. ಚರ್ಚಿಗೆ ಚರ್ಚೇ ಉಸಿರು ಬಿಗಿಹಿಡಿದು ಕೇಳಿತು. ಹೊಟ್ಟೆ ಉರಿಯಿತು, ಸುಳ್ಳು ಹೇಳಲಾರೆ. ಆದರೂ ಕಂಬದ ಮರೆಯಲ್ಲಿ ನಿಂತು ಮೂರನೇ ಚರಣವನ್ನು ಪೂರ್ತಿ ಕೇಳಿಸಿಕೊಂಡೆ.

ಈಗ ಬೆಳಿಗ್ಗೆ ಅವಳಿಗೆ ಹಾಡಿನ ಅಭ್ಯಾಸ. ಮೊಟ್ಟೆ ನಾನೇ ಬೇಯಿಸುತ್ತೇನೆ, ಬಾಯಿ ಮುಚ್ಚಿಕೊಂಡು, ಗಡಿಯಾರ ನೋಡಿಕೊಂಡು.