ಬಸರಿಕುರ್ವೆಯಲ್ಲಿ ಮೌನ ನಡಿಗೆ

ಕಾಗದದ ನಾಲ್ಕು ಮೂಲೆಗೆ ಅರಿಸಿನ ಹಚ್ಚಿದ್ದು ಆಯಿ. ಆಮೇಲೆ ಆದದ್ದಕ್ಕೆಲ್ಲ ಆ ಅರಿಸಿನವೇ ಕಾರಣ ಎಂದು ನಿತ್ಯಾನಂದ ಇವತ್ತಿಗೂ ನಂಬಿದ್ದಾನೆ. ಆಯಿಯನ್ನು ಕೇಳಿದರೆ, ಬಾಯಿ ಬಿಟ್ಟು ನಾಲ್ಕು ಮಾತಾಡದ ಮಗನೇ ಕಾರಣ ಎನ್ನುತ್ತಾಳೆ.

ನಿತ್ಯಾನಂದನಿಗೆ ಮೂವತ್ನಾಲ್ಕು ವರ್ಷ. ಎಂ.ಎ. ಮಾಡಿ, ಹೊನ್ನಾವರದ ಒಂದು ಮುದ್ರಣಾಲಯದಲ್ಲಿ ಲಗ್ನಪತ್ರಿಕೆ ತಯಾರು ಮಾಡುವ ಕೆಲಸಕ್ಕಿದ್ದ. ದೊಡ್ಡಪ್ಪನ ಹೆಸರು ಮೇಲೆ ಬರಬೇಕೋ ಸೋದರಮಾವನದೋ ಎಂದು ಎರಡೂ ಕಡೆಯವರು ಅವನ ಕಂಪ್ಯೂಟರಿನ ಮುಂದೆ ಕೂಗಾಡುತ್ತಿದ್ದರೆ, ಇವನು ಮಳೆ ನಿಲ್ಲಲೆಂದು ಬಸ್‌ಸ್ಟ್ಯಾಂಡಿನಲ್ಲಿ ನಿಂತವನಂತೆ ಕೂತಿರುತ್ತಿದ್ದ. ಅವನಿಗೆ ಬೇಕಾದದ್ದು ಒಂದೇ: ಹೆಚ್ಚು ಮಾತಾಡದೆ ಮಾಡಬಹುದಾದ ಒಂದು ಕೆಲಸ.

ಅಂಥದ್ದೊಂದು ಇದೆ ಎಂದು ಗೊತ್ತಾದದ್ದು ಮೊಬೈಲಿನಲ್ಲಿ. ಮಂಗಳೂರಿನ ಒಂದು ಪ್ರವಾಸ ಕಂಪನಿ ಜನರನ್ನು ಇಟಲಿಯ ಸರೋವರದ ದಂಡೆಯ ಊರೊಂದಕ್ಕೆ ಕರೆದೊಯ್ಯುತ್ತಿತ್ತು. ಅಲ್ಲಿ ಮಾಡುವುದೇನೂ ಇಲ್ಲ. ಕಲ್ಲು ಹಾಸಿದ ಓಣಿಗಳಲ್ಲಿ ಬೆಳಗಿನಿಂದ ಸಂಜೆಯವರೆಗೆ ನಡೆಯುವುದು, ನೀರು ನೋಡುತ್ತ ಸುಮ್ಮನೆ ಕೂರುವುದು, ವಾಪಸು ಬರುವುದು. ಅಷ್ಟಕ್ಕೇ ಜನ ಮುಗಿಬೀಳುತ್ತಿದ್ದರಂತೆ. ಈಗ ಕಂಪನಿ ಅಂಥದೇ ಒಂದು ಊರನ್ನು ಹತ್ತಿರದಲ್ಲೇ ಹುಡುಕುತ್ತಿತ್ತು. 'ನೀರಿನ ದಂಡೆಯ, ಸದ್ದಿಲ್ಲದ ಊರು ಬೇಕಾಗಿದೆ. ಜೊತೆಗೆ ಮಿತಭಾಷಿಯಾದ ಸ್ಥಳೀಯ ಮಾರ್ಗದರ್ಶಿ.' ಮಿತಭಾಷಿ ಎಂಬ ಪದ ಓದಿದಾಗ ನಿತ್ಯಾನಂದನಿಗೆ ಯಾರೋ ತನ್ನ ಫೋಟೋ ಅಚ್ಚು ಹಾಕಿದ ಹಾಗೆ ಕಂಡಿತು.

ಅವನ ಊರು ಬಸರಿಕುರ್ವೆ, ಶರಾವತಿ ಸಮುದ್ರ ಸೇರುವ ಮುಂಚೆ ಎರಡಾಗಿ ಸೀಳಿಕೊಂಡು ಬಳಸಿ ಹೋಗುವ ನಡುಗಡ್ಡೆ. ಈ ತುದಿಗೆ ಕಾಲುಸೇತುವೆ, ಅದರ ಪಕ್ಕದಲ್ಲೇ ನಿತ್ಯಾನಂದನ ಮನೆ. ಆ ತುದಿಗೆ ದೋಣಿ ನಿಲ್ಲುವ ಜಾಗ. ನಡುವೆ ಹೊಳೆಯ ದಂಡೆಗೇ ಅಂಟಿಕೊಂಡು ಮೂರು ಕಿಲೋಮೀಟರಿನ ದಾರಿ, ಇಪ್ಪತ್ಮೂರು ಮನೆ. ಅವನು ಕಳಿಸಿದ ಫೋಟೋಗಳು ಕಂಪನಿಗೆ ಹಿಡಿಸಿದವು. ಶನಿವಾರ ಒಬ್ಬರು ಬಂದು ಊರನ್ನು ನಡೆದು ನೋಡುತ್ತಾರೆ, ಒಪ್ಪಿಗೆಯಾದರೆ ಕೆಲಸ ನಿಮ್ಮದೇ ಎಂದು ಉತ್ತರ ಬಂತು.

ಮನೆಮನೆಗೆ ಹೋಗಿ ಸುಮ್ಮನಿರಿ ಎಂದು ಹೇಳುವುದಕ್ಕೂ ಮಾತಾಡಬೇಕಲ್ಲ! ನಿತ್ಯಾನಂದ ಉಪಾಯ ಮಾಡಿದ. ಮುದ್ರಣಾಲಯದಲ್ಲಿ ಉಳಿದುಹೋಗಿದ್ದ ಲಗ್ನಪತ್ರಿಕೆಯ ಕಾಗದದ ಮೇಲೆ ಒಂದು ವಿನಂತಿ ಅಚ್ಚು ಹಾಕಿದ. ಚಿನ್ನದ ಬಣ್ಣದ ಅಂಚು ಕಾಗದಕ್ಕೆ ಮೊದಲೇ ಇತ್ತು. ತಲೆಯ ಮೇಲೆ ಇಡಗುಂಜಿ ಗಣಪತಿ. ಧಣಿಯ ಪದ್ಧತಿಯಂತೆ ಗಣಪತಿಯಿಲ್ಲದೆ ಅಲ್ಲಿಂದ ಒಂದು ರಸೀದಿಯೂ ಹೊರಗೆ ಹೋಗುತ್ತಿರಲಿಲ್ಲ. ಕೆಳಗೆ, 'ಶನಿವಾರ ಬೆಳಿಗ್ಗೆ ಹತ್ತರಿಂದ ಒಂದರವರೆಗೆ ಅತಿಥಿಯೊಬ್ಬರು ನಮ್ಮ ಊರನ್ನು ನಡೆದು ನೋಡಲಿದ್ದಾರೆ. ಹೊರಡುವ ಸ್ಥಳ: ನಿತ್ಯಾನಂದನ ಮನೆ. ತಾವೆಲ್ಲ ಟಿ.ವಿ., ಮಿಕ್ಸಿ ಬಂದ್ ಮಾಡಿ, ಗಟ್ಟಿಯಾಗಿ ಮಾತಾಡದೆ ಸಹಕರಿಸಬೇಕು' ಎಂದಿತ್ತು. ಕಟ್ಟನ್ನು ಮನೆಗೆ ತಂದಿಟ್ಟಾಗ ಆಯಿ ಗಣಪತಿಯನ್ನು ನೋಡಿದಳು, ಅಂಚನ್ನು ನೋಡಿದಳು, ಬಟ್ಟಲಲ್ಲಿ ಅರಿಸಿನ ಕಲಸಿದಳು.

ನಿತ್ಯಾನಂದ ಇಪ್ಪತ್ಮೂರು ಮನೆಗೂ ನಡೆದು ಹೋಗಿ ಕಾಗದ ಕೊಟ್ಟ. "ಶನಿವಾರ" ಎಂದ, ನಕ್ಕ, ಹೊರಟ.

ನಮ್ಮ ಕಡೆ ಅರಿಸಿನದ ಮೂಲೆಯ ಕಾಗದವನ್ನು ಬಾಗಿಲಿಗೇ ಬಂದು ಕೈಯಲ್ಲಿ ಕೊಟ್ಟರೆ ಅದನ್ನು ಯಾರೂ ಓದುವುದಿಲ್ಲ. ದಿನ ಯಾವುದು, ಜಾಗ ಎಲ್ಲಿ, ಎರಡೇ ನೋಡಿ ಕ್ಯಾಲೆಂಡರಿನ ಹಿಂದೆ ಸಿಕ್ಕಿಸುತ್ತಾರೆ. ಬಸರಿಕುರ್ವೆಯವರೂ ಹಾಗೇ ಮಾಡಿದರು.

ಶನಿವಾರ ಒಂಬತ್ತೂವರೆಗೆ ನಿತ್ಯಾನಂದ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಅಂಗಳಕ್ಕೆ ಬಂದರೆ, ಆಚೆಮನೆ ಹೊನ್ನಮ್ಮತ್ತೆ ಕಾಯಿ ತುರಿಯುವ ತನ್ನದೇ ಹೆರೆಮಣೆ ಕಂಕುಳಲ್ಲಿ ಇಟ್ಟುಕೊಂಡು ನಿಂತಿದ್ದಳು.

"ಏ ತಮಾ, ಇನ್ನೂ ಚಪ್ಪರ ಹಾಕ್ಲಿಲ್ವನಾ?"

"ಚಪ್ಪರ ಎಂತಕೆ ಅತ್ತೆ?"

"ಎಂತಕೆ ಅಂದ್ರೆ? ಜನ ಬಿಸ್ಲಲ್ಲಿ ಕೂತ್ಕಂಡು ಊಟ ಮಾಡೂಕಾಗ್ತದ್ಯೆ?" ಎನ್ನುತ್ತ ಅವಳು ಸೀದಾ ಅಡುಗೆಮನೆಗೆ ನಡೆದಳು.

ನಿತ್ಯಾನಂದ ದಾರಿಯ ಕಡೆ ನೋಡಿದ. ಜರಿ ಸೀರೆಗಳು, ಗಂಜಿ ಹಾಕಿದ ಪಂಚೆಗಳು, ಅಬ್ಬಲಿಗೆ ಮುಡಿದ ತಲೆಗಳು ಒಂದರ ಹಿಂದೆ ಒಂದು ಬರುತ್ತಿದ್ದವು. ಊರಿಗೆ ಊರೇ ಬರುತ್ತಿತ್ತು. ಅವರ ಹಿಂದೆ ನಾಯಿಗಳೂ. ನಿವೃತ್ತ ಪೋಸ್ಟ್‌ಮ್ಯಾನ್ ವೆಂಕ್ಟ್ರಮಣ ಮಾವ ಬಣ್ಣದ ಕಾಗದ ಸುತ್ತಿದ ಕೊಡಪಾನವನ್ನು ಮಗುವಿನ ಹಾಗೆ ಎತ್ತಿಕೊಂಡು ಬಂದರು. ರಿಕ್ಷಾ ಓಡಿಸುವ ರಾಘು ಕೈಯಲ್ಲಿ ಒಂದು ದೊಡ್ಡ ಸ್ಪೀಕರ್ ಹಿಡಿದಿದ್ದ.

ಯಾವ ಕಾರ್ಯ ಎಂಬುದು ಯಾರಿಗೂ ಗೊತ್ತಿರಲಿಲ್ಲ. ಬಂದ ಮೇಲೆ ಅದನ್ನು ಮನೆಯವರ ಹತ್ತಿರ ಕೇಳುವುದು ಮರ್ಯಾದೆಯೂ ಅಲ್ಲ. ಹಾಗಾಗಿ ಮಾವಿನ ಮರದ ಬುಡದಲ್ಲಿ ಪಿಸುಮಾತು ನಡೆಯಿತು.

"ಗೋಡೆಗೆ ಸುಣ್ಣ ಹೊಡ್ದಾರೆ. ಮನೆ ಒಕ್ಕಲೇ ಸೈ," ಎಂದರು ವೆಂಕ್ಟ್ರಮಣ ಮಾವ.

"ಮೂವತ್ತು ವರ್ಷ ಇದೇ ಮನೇಲಿ ಇದ್ಕಂಡು ಈಗ ಒಕ್ಕಲಾ?" ಎಂದ ರಾಘು. "ಇದು ನಿಶ್ಚಿತಾರ್ಥ. ಅವ್ನ ಅಂಗಿ ನೋಡಿ. ಇಸ್ತ್ರಿ ಮಾಡಿದ್ದು!"

ನಿತ್ಯಾನಂದ ಒಳಗೆ ಓಡಿದ. ಆಯಿ ಆಗಲೇ ದೊಡ್ಡ ಹಂಡೆಗೆ ಅಕ್ಕಿ ತೊಳೆಯುತ್ತಿದ್ದಳು.

"ಆಯೀ, ಅವ್ರಿಗೆ ಹೇಳು ಮನೆಗೆ ಹೋಗೂಕೆ!"

"ನೀ ಹೇಳು. ಕಾಗ್ದ ಕೊಟ್ಟು ಕರ್ದವ ನೀನು," ಎಂದಳು ಆಯಿ ತಲೆ ಎತ್ತದೆ. "ಬಾಗ್ಲಿಗೆ ಬಂದವ್ರನ್ನ ಬರೀ ಹೊಟ್ಟೆಲಿ ಕಳ್ಸಿ ನಾಳೆ ಇದೇ ಊರಲ್ಲಿ ಮುಖ ತೋರ್ಸುದು ಹ್ಯಾಂಗೆ?"

ಹೇಳಲು ಅವನು ಅಂಗಳಕ್ಕೆ ಬಂದ. ಎಪ್ಪತ್ತು ಮುಖಗಳು ಅವನತ್ತ ತಿರುಗಿ ಅಕ್ಕರೆಯಿಂದ ನಕ್ಕವು. ಅವನೂ ತಿರುಗಿ ನಕ್ಕ, ಎಲ್ಲರಿಗೂ ಕೈ ಮುಗಿದ. ಅಷ್ಟರಲ್ಲಿ ಸೇತುವೆ ದಾಟಿ ಕಂಪನಿಯವಳು ಬಂದೇಬಿಟ್ಟಳು.

ಅವಳ ಹೆಸರು ಅಮೂಲ್ಯಾ. ಟೋಪಿ, ನಡಿಗೆಯ ಬೂಟು, ಬೆನ್ನಿಗೆ ಚೀಲ. ಅವಳನ್ನು ಕಂಡದ್ದೇ ಎಪ್ಪತ್ತು ಬಾಯಿ ಒಟ್ಟಿಗೆ ಮುಚ್ಚಿದವು. ಅವಳು ಮೊಬೈಲ್ ಎತ್ತಿ ಹಿಡಿದಳು. ಅದರಲ್ಲಿ ಸದ್ದು ಅಳೆಯುವ ಒಂದು ಆಪ್ ಇತ್ತು.

"ನಲವತ್ತೊಂದು!" ಎಂದಳು ಮೆಚ್ಚಿ. "ಇಷ್ಟು ಜನರಿದ್ದೂ! ನಲವತ್ತೈದರ ಒಳಗಿದ್ದರೆ ನಾವು ಪಾಸು ಮಾಡುತ್ತೇವೆ."

"ಹೆಣ್ಣು ಚಲೋ ಅದೆ," ಎಂದಳು ಹೊನ್ನಮ್ಮತ್ತೆ ಅಡುಗೆಮನೆಯ ಬಾಗಿಲಿನಿಂದ. "ಸಪೂರ ಆತು ಅಷ್ಟೆ."

ಮುಂದಿನ ಎರಡು ನಿಮಿಷದಲ್ಲಿ ಆಪ್ ಎಪ್ಪತ್ತೆಂಟಕ್ಕೆ ಹತ್ತಿತು. ಹೆಂಗಸರು ಅಮೂಲ್ಯಾಳನ್ನು ಸುತ್ತುವರಿದರು. ಟೋಪಿ ತೆಗೆಸಿದರು. ಯಾರೋ ಬೆಲ್ಲ ನೀರು ಕೊಟ್ಟರು, ಯಾರೋ ಅಬ್ಬಲಿಗೆ ಮುಡಿಸಿದರು, ಯಾವ ಊರು, ಅಪ್ಪ ಎಂತ ಮಾಡ್ತಾರೆ, ಮೀನು ತಿಂತ್ಯನಾ ಎಂದು ಕೇಳಿದರು. ಅವಳು ಬಿಡಿಸಿಕೊಂಡು ನಿತ್ಯಾನಂದನ ಹತ್ತಿರ ಬರುವ ಹೊತ್ತಿಗೆ ಹನ್ನೊಂದು ದಾಟಿತ್ತು.

"ನಡಿಗೆ ಯಾವಾಗ ಶುರು?" ಎಂದಳು.

ನಿತ್ಯಾನಂದ ಹಿತ್ತಲ ಬಾಗಿಲು ತೋರಿಸಿದ.

ಇಬ್ಬರೂ ತೆಂಗಿನ ಮರಗಳ ಮರೆಯಲ್ಲಿ ಬಗ್ಗಿಕೊಂಡು ಹೊಳೆಯ ದಂಡೆಗೆ ಇಳಿದರು. ಊರೊಳಗೆ ಹೋಗುವ ದಾರಿಗೆ ಜನ ಅಡ್ಡ ನಿಂತಿದ್ದರಿಂದ ಸೇತುವೆಯ ಕಡೆಗೆ ತಿರುಗಬೇಕಾಯಿತು. ನೀರು ಇಳಿಯುವ ಹೊತ್ತು. ಒಂದು ಬೆಳ್ಳಕ್ಕಿ ಕೆಸರಿನಲ್ಲಿ ಒಂಟಿ ಕಾಲಲ್ಲಿ ನಿಂತಿತ್ತು. ಎದುರು ದಂಡೆಯ ಮರಗಳು ನೀರಿನಲ್ಲಿ ತಲೆಕೆಳಗಾಗಿ ಬಿದ್ದುಕೊಂಡಿದ್ದವು. ನಿತ್ಯಾನಂದನಿಗೆ ಎದೆ ಹಗುರಾಯಿತು. ಇದೊಂದನ್ನು ಅವಳು ನೋಡಿಬಿಟ್ಟರೆ ಸಾಕು, ಉಳಿದದ್ದನ್ನು ಹೇಳಬೇಕಾಗಿಯೇ ಇಲ್ಲ ಅನ್ನಿಸಿತು. ಅಮೂಲ್ಯಾ ಮೊಬೈಲ್ ಎತ್ತಿದಳು. ಮೂವತ್ತಾರು.

"ಏ, ಹೊರಟ್ರು! ಹೊಳಿಗೆ ಹೊರಟ್ರು!" ಎಂದು ರಾಘು ಹಿತ್ತಲಿನಿಂದ ಕೂಗಿದ.

ಹೊಳೆಗೆ ಹೊರಟರೆ ಗಂಗೆಪೂಜೆ ಎಂದೇ ಅರ್ಥ. ಗಂಗೆಪೂಜೆಗೆ ವಾದ್ಯವಿಲ್ಲದಿದ್ದರೆ ಹೇಗೆ? ರಾಘು ಸ್ಪೀಕರನ್ನು ಹೆಗಲ ಮೇಲಿಟ್ಟುಕೊಂಡು ಶಹನಾಯಿ ಹಚ್ಚಿದ. ವೆಂಕ್ಟ್ರಮಣ ಮಾವ ಕೊಡಪಾನದ ಕಾಗದ ಹರಿದು, ನೀರು ತುಂಬಲು ಬೇಕಾದೀತೆಂದು ಮುಂದೆ ಹಿಡಿದರು. ಎಪ್ಪತ್ತು ಜನರ ಮೆರವಣಿಗೆ ದಂಡೆಯ ಮೇಲೆ ಸಾಲಾಗಿ ಬಂತು. ಬೆಳ್ಳಕ್ಕಿ ಎರಡನೇ ಕಾಲನ್ನೂ ಇಳಿಸಿ ಹಾರಿಹೋಯಿತು. ನಿತ್ಯಾನಂದ ವೇಗ ಹೆಚ್ಚಿಸಿದ, ಮೆರವಣಿಗೆಯೂ ಹೆಚ್ಚಿಸಿತು. ಸೇತುವೆಯ ಮೇಲೆ ಹತ್ತಿದಾಗ ಅವನ ಹಿಂದೆ ಊರು, ಮುಂದೆ ಹೆದ್ದಾರಿ. ಆಪ್ ತೊಂಬತ್ತೊಂದು ತೋರಿಸುತ್ತಿತ್ತು.

ಅವನು ಹಿಂದಿರುಗಿ ನಿಂತ. ಆಮೇಲೆ ಹುಟ್ಟಿದಾರಭ್ಯ ಮಾಡದ ಕೆಲಸ ಮಾಡಿದ. ಕೂಗಿದ.

"ನಿಲ್ಸಿ! ಇದು ಮದ್ವೆ ಅಲ್ಲ, ಮನೆ ಒಕ್ಕಲಲ್ಲ, ಗಂಗೆಪೂಜೆನೂ ಅಲ್ಲ. ಇವ್ರು ನಮ್ಮ ಊರು ನೋಡೂಕೆ ಬಂದವ್ರು. ಊರಲ್ಲಿ ಸದ್ದಿಲ್ದಿದ್ರೆ ನಂಗೊಂದು ಕೆಲ್ಸ ಸಿಕ್ತಿತ್ತು. ನಂಗೆ ಆಗೂವಂತ ಕೆಲ್ಸ ಅದೊಂದೇ ಇದ್ದದ್ದು. ಎಲ್ಲಾ ಕಾಗ್ದದಲ್ಲಿ ಬರ್ದಿದ್ದೆ!"

ರಾಘು ಶಹನಾಯಿ ನಿಲ್ಲಿಸಿದ. ಸೇತುವೆಯ ಕೆಳಗೆ ನೀರು ಹರಿಯುವುದು ಕೇಳಿಸಿತು.

"ಕಾಗ್ದ ಓದೂಕೆ ಕೊಟ್ಟದ್ದನಾ ಅದು?" ಎಂದರು ವೆಂಕ್ಟ್ರಮಣ ಮಾವ ನಿಜವಾದ ಆಶ್ಚರ್ಯದಿಂದ. "ಮೂವತ್ತೆರಡು ವರ್ಷ ಟಪಾಲು ಹಂಚಿದ್ದೆ ಮಾರಾಯ. ಅರಿಸಿನ ಹಚ್ಚಿದ ಕಾಗ್ದ ಓದಿದವ್ರನ್ನ ನಾ ಕಾಣ್ಲಿಲ್ಲ."

ಕೆಲವರು ಹೊಸ ಸೀರೆಯ ಸೆರಗು ಸರಿಮಾಡಿಕೊಂಡರು. ಹೊನ್ನಮ್ಮತ್ತೆ ಮುಂದೆ ಬಂದು ನಿತ್ಯಾನಂದನ ಬೆನ್ನಿಗೆ ಕೈ ಹಾಕಿದಳು. ಆ ಕೈಯಲ್ಲಿ ಇನ್ನೂ ಕಾಯಿತುರಿ ಅಂಟಿತ್ತು.

"ಬಾಯಿ ಬಿಟ್ಟು ಮೊದ್ಲೇ ಹೇಳೂಕೆ ಆಗ್ಲಿಲ್ವನಾ ನಿಂಗೆ? ಆತು, ಹೋಗ್ಲಿ. ಕಾರ್ಯ ಇಲ್ದಿದ್ರೆ ಇಲ್ಲ. ಅನ್ನ ಬೆಂದದೆ, ಎಲ್ಲಾ ನಡೀರಿ. ಬಾ ಮಗಾ," ಎಂದು ಅಮೂಲ್ಯಾಳ ಕೈ ಹಿಡಿದಳು, "ಹಸ್ಕಂಡು ಎಂತ ನಡಿಗೆ?"

ಊಟಕ್ಕೆ ಕೂತಾಗ ಒಂದು ಗಂಟೆ. ಚಪ್ಪರವಿಲ್ಲದಿದ್ದರೂ ಮಾವಿನ ಮರದ ನೆರಳು ಸಾಕಾಯಿತು. ಅನ್ನ, ಸಾರು, ಸೌತೆಕಾಯಿ ಹುಳಿ, ಹೊನ್ನಮ್ಮತ್ತೆ ತೆಗೆದ ಕಾಯಿಹಾಲಿನ ಪಾಯಸ. ಅಮೂಲ್ಯಾ ಎರಡು ಸಲ ಪಾಯಸ ಹಾಕಿಸಿಕೊಂಡಳು. ನಿತ್ಯಾನಂದ ಸೌಟು ಹಿಡಿದು ಬಡಿಸುತ್ತಿದ್ದ. ಸೋಮವಾರ ಮತ್ತೆ ಮುದ್ರಣಾಲಯ, ಮತ್ತೆ ದೊಡ್ಡಪ್ಪ, ಸೋದರಮಾವ. ಅವನಿಗೆ ಪಾಯಸ ಯಾರ ಎಲೆಗೆ ಬೀಳುತ್ತಿದೆ ಎಂಬುದೂ ಕಾಣುತ್ತಿರಲಿಲ್ಲ.

ಆಗ ಅಮೂಲ್ಯಾಳ ಫೋನ್ ಬಡಿದುಕೊಂಡಿತು. ಅವಳ ಕೈ ಎಂಜಲು. ಮೊಣಕೈಯಿಂದಲೇ ಸ್ಪೀಕರ್ ಒತ್ತಿದಳು.

"ಅಮೂಲ್ಯಾ, ನಾನು ಸುದರ್ಶನ. ಬಸರಿಕುರ್ವೆ ಪಾಸು!"

"ಸರ್? ನೀವು ಎಲ್ಲಿದ್ದೀರಿ?"

"ದೋಣಿ ಹತ್ತುತ್ತಿದ್ದೇನೆ. ಹತ್ತು ಗಂಟೆಗೇ ಈ ತುದಿಯಲ್ಲಿ ಇಳಿದು, ಸೇತುವೆಯ ಕಡೆಯನ್ನು ನಿನಗೆ ಬಿಟ್ಟು, ಉಳಿದ ಊರೆಲ್ಲ ಸುತ್ತಿದೆ."

ಅಮೂಲ್ಯಾ ನಿತ್ಯಾನಂದನ ಕಡೆ ತಿರುಗಿ, "ನಮ್ಮ ಕಂಪನಿ ನಡೆಸುವ ಸರ್. ಯಾವಾಗಲೂ ಹೀಗೇ. ನನ್ನನ್ನು ಗೈಡ್ ಜೊತೆ ಕಳಿಸಿ, ತಾವು ಹೇಳದೆ ಇನ್ನೊಂದು ಕಡೆಯಿಂದ ಬರುತ್ತಾರೆ," ಎಂದಳು.

ಫೋನ್ ಮುಂದುವರಿಯಿತು. "ಮೂರು ಗಂಟೆ ನಡೆದೆ. ಒಂದು ನರಪಿಳ್ಳೆ ಇಲ್ಲ! ಟಿ.ವಿ. ಇಲ್ಲ, ಮಿಕ್ಸಿ ಇಲ್ಲ, ಬೊಗಳಲು ನಾಯಿಯೂ ಇಲ್ಲ. ಒಂದು ಜಗಲಿಯ ಮೇಲೆ ಬೆಕ್ಕು ಮಲಗಿತ್ತು, ಅಷ್ಟೇ. ಅಳೆದರೆ ಇಪ್ಪತ್ತೊಂಬತ್ತು! ಇಟಲಿಯ ಆ ಊರಿನಲ್ಲಾದರೂ ತಾಸಿಗೊಮ್ಮೆ ಇಗರ್ಜಿಯ ಗಂಟೆ ಹೊಡೆಯುತ್ತದೆ. ಇಲ್ಲಿ ಅದೂ ಇಲ್ಲ. ಮುಂದಿನ ಶನಿವಾರದಿಂದಲೇ ಜನರನ್ನು ಕಳಿಸೋಣ."

ಅಂಗಳದಲ್ಲಿ ಹೋ ಎಂದು ಕೂಗೆದ್ದಿತು. ರಾಘು ನಿತ್ಯಾನಂದನನ್ನು ಸೌಟಿನ ಸಮೇತ ಎತ್ತಿಬಿಟ್ಟ. ನಿತ್ಯಾನಂದ ಗಾಳಿಯಲ್ಲಿ ಇರುವಾಗಲೇ ಫೋನಿನಿಂದ ಮುಂದಿನ ಮಾತು ಬಂತು.

"ಗೈಡ್ ಬೇಡ. ದಾರಿ ಒಂದೇ, ತಪ್ಪಿಹೋಗುವ ಹಾಗೇ ಇಲ್ಲ. ಗೈಡ್ ಇದ್ದರೆ ಸುಮ್ಮನೆ ಮಾತಾಡುತ್ತಾನೆ."

'ನಾನು ಮಾತಾಡುವುದಿಲ್ಲ' ಎಂದು ಹೇಳಲು ನಿತ್ಯಾನಂದ ಬಾಯಿ ತೆರೆದ. ಶಬ್ದ ಹೊರಡುವುದರೊಳಗೆ ಅಮೂಲ್ಯಾ ಅವನನ್ನೇ ನೋಡುತ್ತ ಹೇಳಿದಳು:

"ಸರ್, ಊರು ತಾನಾಗಿ ಸುಮ್ಮನಿರಲಿಲ್ಲ. ಎಲ್ಲರೂ ಇಲ್ಲಿ, ಒಂದೇ ಅಂಗಳದಲ್ಲಿ ಇದ್ದಾರೆ. ಊಟ ಮಾಡುತ್ತಿದ್ದಾರೆ. ಕೂಡಿಸಿದ್ದು ನಿತ್ಯಾನಂದ."

ಹುಟ್ಟು ಹಾಕುವ ಸದ್ದಿನ ಮೇಲೆ ಸುದರ್ಶನನ ದನಿ ಏರಿತು.

"ಹಾಗಾದರೆ ನಮಗೆ ಬೇಕಾದವನು ಅವನೇ! ಪ್ರತಿ ಶನಿವಾರ ಹತ್ತರಿಂದ ಒಂದರವರೆಗೆ ಅಷ್ಟೂ ಜನರನ್ನು ಒಂದು ಕಡೆ ಕೂರಿಸಿ, ಬೇಸರ ಬಾರದ ಹಾಗೆ ಮಾತಾಡಿಸುತ್ತ ಇಟ್ಟುಕೊಳ್ಳಬೇಕು. ಊಟದ ವ್ಯವಸ್ಥೆ ಕಂಪನಿಯದು. ಕೆಲಸ ಕಾಯಂ. ಮಾತುಗಾರ ತಾನೇ ಅವನು?"

"ಸೇತುವೆ ಮೇಲೆ ಅವರು ಮಾಡಿದ ಭಾಷಣ ಕೇಳಬೇಕಿತ್ತು ಸರ್ ನೀವು," ಎಂದಳು ಅಮೂಲ್ಯಾ, ಉಪಕಾರ ಮಾಡುವವಳ ಉತ್ಸಾಹದಲ್ಲಿ.

"ಒಪ್ಪಿಗೆಯೋ ಕೇಳು."

ರಾಘು ಕೆಳಗಿಳಿಸಿದ ಮೇಲೂ ನಿತ್ಯಾನಂದ ಸೌಟನ್ನೇ ಹಿಡಿದು ನಿಂತ. ಅವನು ಬೇಡ ಎನ್ನಲಿಲ್ಲವಾದ್ದರಿಂದ ಕೆಲಸ ಅವನದೇ ಎಂದಾಯಿತು. ಸುದರ್ಶನ ಅಭಿನಂದನೆ ಹೇಳಿ ಫೋನ್ ಇಟ್ಟ.

"ಹಾಂಗಾರೆ ಬರೂ ಶನಿವಾರ ಎಂತ ಕಾರ್ಯ ಮಾಡ್ತ್ಯಾ ತಮಾ?" ಎಂದಳು ಹೊನ್ನಮ್ಮತ್ತೆ. ಅವಳ ಕಣ್ಣು ಹೊಳೆಯುತ್ತಿತ್ತು. ಆಯಿ ಅಡುಗೆಮನೆಯ ಹೊಸಿಲಿಗೆ ಬಂದು ನಿಂತಳು. ಎಪ್ಪತ್ತು ಜನ ಎಲೆಯ ಮುಂದೆ ಕೈ ತಡೆದು ಅವನ ಬಾಯಿಯನ್ನೇ ನೋಡಿದರು. ಅಷ್ಟು ಜನ ಅವನ ಮಾತಿಗಾಗಿ ಕಾದದ್ದು ಅದೇ ಮೊದಲು. ಅದು ಅಂದುಕೊಂಡಷ್ಟು ಕೆಟ್ಟದಾಗಿಯೂ ಇರಲಿಲ್ಲ.

ನಿತ್ಯಾನಂದ ಸೌಟನ್ನು ಕೆಳಗಿಟ್ಟ, ಗಂಟಲು ಸರಿಮಾಡಿಕೊಂಡ.

"ಮೊದ್ಲು... ದೊಡ್ಡ ಪಾತ್ರೆ ಯಾರ ಮನೇಲಿ ಅದೆ ಹೇಳಿ," ಎಂದ.

ಇಪ್ಪತ್ಮೂರು ಮನೆಯವರೂ ಒಟ್ಟಿಗೆ ಹೇಳತೊಡಗಿದರು.